ಅರಸೀಕೆರೆ ದಾರಿಯ ಸಮುದ್ರ

ಅವರು ಕಲ್ಲು ನೆಕ್ಕುತ್ತಿದ್ದರು. ನಾನು ಮೊದಲ ಸಲ ಅವರನ್ನು ಕಂಡದ್ದೇ ಹಾಗೆ. ಹಳೇಬೀಡಿನಲ್ಲಿ ಬಸದಿಗಳ ಕಡೆಗೆ ಹೋಗುವ ಬೀದಿಯಲ್ಲಿ ನಮ್ಮ ಮನೆ. ಮಹಡಿಯ ಕೋಣೆ ಖಾಲಿ ಇದೆಯೆಂದು ಯಾರೋ ಹೇಳಿ ಕಳಿಸಿದ್ದರಂತೆ. ನಾನು ಮಾದಿಹಳ್ಳಿಯಲ್ಲಿ ಶಾಲೆ ಮುಗಿಸಿ ಬಸ್ಸಿಳಿದು ಬರುವ ಹೊತ್ತಿಗೆ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಹತ್ತಿ ಸೀರೆಯ ಕೆಳಗೆ ದಪ್ಪ ಬೂಟು ಹಾಕಿಕೊಂಡು ನಮ್ಮ ಜಗಲಿಯ ಮೇಲೆ ಕೂತಿದ್ದರು. ಅಂಗೈಯಗಲದ ಕಪ್ಪು ಕಲ್ಲೊಂದಕ್ಕೆ ನಾಲಿಗೆ ತಾಗಿಸುವುದು, ಅದನ್ನು ಇಳಿಬಿಸಿಲಿಗೆ ಹಿಡಿಯುವುದು, ಮತ್ತೆ ನಾಲಿಗೆ ತಾಗಿಸುವುದು.

"ನೀರಿನ ಬಾಟ್ಲಿ ಬಸ್ಸಲ್ಲಿ ಬಿಟ್ಟುಹೋಯ್ತು ಮಾರಾಯ್ರೆ," ಎಂದರು ನನ್ನನ್ನು ಕಂಡು, ಒಂದಿಷ್ಟೂ ಮುಜುಗರವಿಲ್ಲದೆ. "ಒದ್ದೆಯಾಗದೆ ಇದು ಬಾಯಿ ಬಿಡುದಿಲ್ಲ."

ಹೋದ ತಿಂಗಳು ಅವರ ತಮ್ಮ ಕರಾವಳಿಯಿಂದ ಫೋನ್ ಮಾಡಿದ್ದರು. ಅಕ್ಕನಿಗೆ ಕೆಲವು ದಿನಗಳ ಜ್ವರ, ಆಮೇಲೆ ಒಂದು ಬೆಳಗ್ಗೆ ಏಳಲಿಲ್ಲವಂತೆ. ಫೋನಿಟ್ಟ ಮೇಲೆ ನಾನು ಮಹಡಿ ಹತ್ತಿ ಆ ಕೋಣೆಯ ಬಾಗಿಲು ತೆರೆದು ಸುಮ್ಮನೆ ನಿಂತೆ. ಅಲ್ಲೀಗ ನಮ್ಮ ಯಜಮಾನರ ಅಂಗಡಿಯ ಖಾಲಿ ಡಬ್ಬಿಗಳಿವೆ. ಕಿಟಕಿಯಿಂದ ದ್ವಾರಸಮುದ್ರದ ಕೆರೆಯ ಒಂದು ತುಣುಕು ಕಾಣುತ್ತದೆ. ಕೋಣೆ ನೋಡಲು ಬಂದ ದಿನ ಅವರು ಆ ತುಣುಕು ನೀರು ನೋಡಿಯೇ ಒಪ್ಪಿಕೊಂಡಿದ್ದು. "ಊರಿನ ಹಳೇ ಹೆಸರಲ್ಲೇ ಸಮುದ್ರ ಉಂಟು. ನನಗಿಷ್ಟು ಸಾಕು," ಎಂದಿದ್ದರು.

ಅವರು ಸಮುದ್ರದವರು. ಹುಟ್ಟಿದ್ದು ಕಡಲ ದಂಡೆಯ ಮನೆಯಲ್ಲಿ, ಕೆಲಸ ಮಾಡಿದ್ದು ಸಂಶೋಧನೆಯ ಹಡಗುಗಳಲ್ಲಿ. ಸಮುದ್ರದ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ ಅಲ್ಲಿನ ಕೆಸರನ್ನು ಕಂಬದ ಹಾಗೆ ಮೇಲಕ್ಕೆತ್ತುತ್ತಾರಂತೆ. ಆ ಕೆಸರಿನಲ್ಲಿ ಸಾಸಿವೆಗಿಂತ ಸಣ್ಣ ಚಿಪ್ಪುಗಳು. ಯಾವ ಕಾಲದಲ್ಲಿ ಕರಾವಳಿಗೆ ಮಳೆ ಜೋರಾಗಿತ್ತು, ಯಾವ ಕಾಲದಲ್ಲಿ ಕೈಕೊಟ್ಟಿತು, ಕಡಲ ನೀರು ಯಾವಾಗ ಬೆಚ್ಚಗಾಯಿತು ಎಂಬುದೆಲ್ಲ ಆ ಚಿಪ್ಪುಗಳನ್ನು ಪರೀಕ್ಷೆ ಮಾಡಿದರೆ ತಿಳಿಯುತ್ತದೆಂದು ಹೇಳುತ್ತಿದ್ದರು. ಆಮೇಲೆ ಕಿವಿಯೊಳಗೆ ಏನೋ ತೊಂದರೆಯಾಯಿತು. ನಿಂತ ನೆಲವೇ ತೂಗುವಂತಹ ತಲೆಸುತ್ತು. ಹಡಗು ಹತ್ತಬಾರದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಮೇಜಿನ ಮುಂದೆ ಕೂತು ನಿವೃತ್ತಿಯ ತನಕ ಕಾಲ ಕಳೆಯುತ್ತಿದ್ದರೇನೋ. ಇವರು ನೀರಿಲ್ಲದ ಸಮುದ್ರ ಹುಡುಕಿಕೊಂಡು ಇಲ್ಲಿಗೆ ಬಂದರು.

"ಈ ಕಡೆಯ ಕಪ್ಪು ಕಲ್ಲುಗಳು ಭೂಮಿಯ ಬಹಳ ಹಳೇ ಕಲ್ಲುಗಳಲ್ಲಿ ಸೇರಿದ್ದು," ಎಂದು ಮೊದಲ ವಾರವೇ ನನಗೆ ವಿವರಿಸಿದರು. "ಕೆಲವು ಸಮುದ್ರದ ಅಡಿಯಲ್ಲೇ ಹುಟ್ಟಿರಬಹುದು."

ಇರಬಹುದು. ಈ ಮಾತು ಅವರ ಬಾಯಲ್ಲಿ ದಿನಕ್ಕೆಷ್ಟು ಸಲ ಬರುತ್ತಿತ್ತೋ. ಸಮಾಜ ವಿಜ್ಞಾನದ ಟೀಚರಾದ ನನಗೆ ಇಸವಿ ಸಮೇತ ಹೇಳಿ ಅಭ್ಯಾಸ. ಇವರೋ ಮಳೆ ಬರುತ್ತದೆಯೇ ಎಂದು ಕೇಳಿದರೂ, ಮೋಡ ತಲೆಯ ಮೇಲೇ ಇದ್ದರೂ, "ಬರಬಹುದು" ಎನ್ನುತ್ತಿದ್ದರು.

ನಮ್ಮದು ಜೈನರ ಮನೆ. ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು, ಆಮೇಲೆ ಒಲೆ ಹಚ್ಚುವುದಿಲ್ಲ. ನನ್ನ ಅತ್ತೆ ಇದರಲ್ಲಿ ಯಾರಿಗೂ ರಿಯಾಯಿತಿ ಕೊಡುತ್ತಿರಲಿಲ್ಲ. "ಮೀನು ತಿನ್ನೋ ಕಡೆಯೋರು, ನಮ್ಮನೇಲಿ ಹೆಂಗೆ ಹೊಂದಿಕೊಂಡಾರು?" ಎಂದು ಅತ್ತೆಗೆ ಅನುಮಾನ. ಮಹಡಿಯವರು ನಕ್ಕು, "ಇಲ್ಲಿರುವಷ್ಟು ದಿನ ಮೀನು ನನಗೆ ಬರೀ ಓದುವ ವಿಷಯ ಅಮ್ಮ," ಎಂದರು. ಅದರಂತೆ ನಡೆದುಕೊಂಡರು ಕೂಡ. ಬಂಡೆಗಳ ನಡುವೆ ಎಷ್ಟೇ ಮೈಮರೆತಿದ್ದರೂ ಹೊತ್ತು ಇಳಿಯುವ ಮುನ್ನ ಬೂಟಿನ ಸದ್ದು ಬೀದಿಯಲ್ಲಿ ಕೇಳಿಸುತ್ತಿತ್ತು.

ಅತ್ತೆ ಕುಡಿಯುವ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುತ್ತಿದ್ದರು. ಕಣ್ಣಿಗೆ ಕಾಣದ ಜೀವಗಳು ಹೊಟ್ಟೆಗೆ ಹೋಗಿ ಸಾಯಬಾರದೆಂದು. ಸೋಸಿದ ಬಟ್ಟೆಯನ್ನು ಹಿತ್ತಲ ಬಾವಿಯ ನೀರಿಗೇ ಮೆಲ್ಲಗೆ ತೊಳೆದುಬಿಡುವುದು ಅವರ ಕ್ರಮ. ಇದನ್ನು ನೋಡಿದ ದಿನ ಮಹಡಿಯವರ ಮುಖ ಅರಳಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

"ನಾವೂ ಹೀಗೇ ಸೋಸ್ತಿದ್ದೆವು ಅಮ್ಮ, ಹಡಗಲ್ಲಿ. ರೇಷ್ಮೆ ಹಾಗಿನ ಬಲೆ. ಸಮುದ್ರದ ನೀರು ಸೋಸಿದ್ರೆ ಅದರಲ್ಲಿ ಎಷ್ಟು ಜೀವ ಉಂಟು ಗೊತ್ತುಂಟಾ!"

ಅತ್ತೆಗೆ ಬಹಳ ಸಂತೋಷವಾಯಿತು. "ಹೌದಾ? ಸೋಸಿ ಆಮೇಲೆ ವಾಪಸ್ ನೀರಿಗೆ ಬಿಡ್ತಿದ್ರಿ ತಾನೆ?"

ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವರು, "ಇಲ್ಲ ಅಮ್ಮ. ಸೀಸೆಯಲ್ಲಿ ಔಷಧಿ ಹಾಕಿ ಇಡ್ತಿದ್ದೆವು. ಸಾಯ್ತಿದ್ದವು," ಎಂದರು.

ಅತ್ತೆ ಸೆರಗು ಕೊಡವಿ ಒಳಗೆ ಹೋದವರು ಕೆಲವು ದಿನ ಅವರೊಡನೆ ಮಾತಾಡಲಿಲ್ಲ. ಊಟದ ತಟ್ಟೆ ಮಾತ್ರ ತಪ್ಪದೆ ಮಹಡಿಗೆ ಹೋಗುತ್ತಿತ್ತು. ಆಮೇಲೊಂದು ಮಧ್ಯಾಹ್ನ ನಾನು ಶಾಲೆಯಿಂದ ಬೇಗ ಬಂದರೆ, ಅತ್ತೆ ಜಗಲಿಯಲ್ಲಿ ಕೂತು ಸೂಕ್ಷ್ಮದರ್ಶಕದೊಳಗೆ ಒಂದು ಕಣ್ಣಿಟ್ಟಿದ್ದಾರೆ! ಇವರು ಪಕ್ಕದಲ್ಲಿ ಕೂತು ಸಣ್ಣ ತಿರುಪು ತಿರುಗಿಸುತ್ತಿದ್ದಾರೆ.

"ಮುತ್ತಿನ ಥರ ಐತಲ್ಲಾ! ಇದು ಶಂಖ, ಇದು ಜಿಲೇಬಿ ಸುತ್ತಿದಂಗೆ... ಇವನ್ನೂ ನೀವೇ ಕೊಂದಿದ್ದಾ?"

"ಇಲ್ಲ ಅಮ್ಮ, ಇವು ತಾವಾಗಿ ಸತ್ತದ್ದು. ಹೊಯ್ಸಳರ ಕಾಲಕ್ಕಿಂತ ಎಷ್ಟೋ ಮೊದಲು."

ಅತ್ತೆ ಕಣ್ಣು ತೆಗೆಯದೆ ಕೈ ಮಾತ್ರ ಎತ್ತಿ ಮುಗಿದರು. ಅದು ಚಿಪ್ಪುಗಳಿಗೋ, ತೋರಿಸಿದವರಿಗೋ, ನಾನು ಕೇಳಲಿಲ್ಲ. ಆವತ್ತಿನಿಂದ ತಟ್ಟೆ ಮಹಡಿಗೆ ಹೋಗುವುದು ನಿಂತು, ಅವರೇ ನಮ್ಮ ಅಡುಗೆಮನೆಗೆ ಬಂದು ಕೂರುವಂತಾಯಿತು.

ದೇವಸ್ಥಾನಕ್ಕೆ ಅವರನ್ನು ಕರೆದುಕೊಂಡು ಹೋದದ್ದು ಒಂದು ಸೋಜಿಗ. ಆನೆಗಳ ಸಾಲು, ಕುದುರೆಗಳ ಸಾಲು ಬಿಟ್ಟು ಇವರು ಏನೂ ಕೆತ್ತದ ಜಾಗ ಹುಡುಕುತ್ತಿದ್ದರು. ಗೈಡ್ ಒಬ್ಬ ಕರೆದು, "ಮೇಡಂ, ಶಿಲ್ಪ ಈ ಕಡೆ ಇದೆ," ಎಂದ. "ನಾನು ಕಲ್ಲು ನೋಡ್ತಿದ್ದೇನೆ," ಎಂದರು ಇವರು. ಬಸದಿಯೊಳಗೆ, ಕನ್ನಡಿಯಂತೆ ಹೊಳೆಯುವ ಕಂಬದಲ್ಲಿ ನಮ್ಮಿಬ್ಬರ ಮುಖ ತಲೆಕೆಳಗಾಗಿ ಕಾಣುತ್ತಿದ್ದಾಗ, ಮೆಲ್ಲಗೆ ಹೇಳಿದರು: "ಇದು ಬೆಂಕಿಯಾಗಿ ಉಕ್ಕಿ ಬಂದ ಕಲ್ಲು. ಆಮೇಲೆ ಯುಗಯುಗ ನೆಲದೊಳಗೆ ನೀರು ಕುಡಿದು ಕುಡಿದು ಮೆತ್ತಗಾಯ್ತು. ಅದಕ್ಕೇ ಉಳಿಗೆ ಇಷ್ಟು ಬಗ್ಗಿದ್ದು. ಆ ನೀರು ಯಾವ ನೀರು ಅಂತ ಯೋಚನೆ ಮಾಡಿದ್ರೆ ನನಗೆ ನಿದ್ದೆ ಬರುದಿಲ್ಲ." ಅವತ್ತಿನಿಂದ ಬಸದಿಗೆ ಹೋದಾಗಲೆಲ್ಲ ಆ ಕಂಬದ ಹೊಳಪಿನ ಆಳದಲ್ಲಿ ಏನೋ ಅಲುಗಿದ ಹಾಗೆ ನನಗೆ ಅನ್ನಿಸುತ್ತದೆ.

ಅವರಿಗೆ ಬೇಕಾಗಿದ್ದ ಕಲ್ಲು ಸಿಕ್ಕಿದ್ದು ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿ. ಊರಾಚೆ ದಿಬ್ಬದಂತಹ ಒಂದು ತೆವರು, ಅದರ ಮೇಲೆ ರಾಗಿಮೂಟೆಗಳನ್ನು ಒಂದರ ಮೇಲೊಂದು ಒಟ್ಟಿದಂತಹ ಕಪ್ಪು ಬಂಡೆ. ಊರಿನವರು ಅದನ್ನು ಮೂಟೆಬಂಡೆ ಎನ್ನುತ್ತಿದ್ದರು. ಅದನ್ನು ಕಂಡ ದಿನ ಅವರು ಬೂಟು ಬಿಚ್ಚಿ ಬರಿಗಾಲಲ್ಲಿ ಮೇಲೆ ಹತ್ತಿದರು. ಭಾನುವಾರಗಳಲ್ಲಿ ನಾನೂ ಬಸ್ಸಿನಲ್ಲಿ ಜೊತೆಗೆ ಹೋಗತೊಡಗಿದೆ. ಅವರ ಕೈಯಲ್ಲಿ ಸುತ್ತಿಗೆ ಇತ್ತು. ಆದರೆ ಆ ಬಂಡೆಗೆ ಒಮ್ಮೆಯೂ ಏಟು ಹಾಕಲಿಲ್ಲ. ಕೆಳಗೆ ಬಿದ್ದ ಚೂರುಗಳನ್ನಷ್ಟೇ ಆರಿಸುತ್ತಿದ್ದರು. ಒಡೆದು ನೋಡಿದರೆ ಬೇಗ ಗೊತ್ತಾಗುವುದಿಲ್ಲವೇ ಎಂದೆ. "ಗೊತ್ತಾಗ್ತದೆ. ಆದ್ರೆ ಇರುವುದೇ ಇಷ್ಟು," ಎಂದರು.

ಎರಡನೆಯ ಚಳಿಗಾಲದಲ್ಲಿ ಸುದ್ದಿ ಬಂತು. ಆ ತೆವರಿನ ಮೇಲೆ ಸಮುದಾಯ ಭವನ ಕಟ್ಟುತ್ತಾರೆ. ಬಂಡೆ ಒಡೆದು ಅದೇ ಕಲ್ಲನ್ನು ತಳಪಾಯಕ್ಕೆ ಹಾಕುತ್ತಾರೆ. ಬಂಡೆ ಉಳಿಸಿ ಎಂದು ಇವರು ಕೇಳಿಕೊಂಡಾಗ, ಪಂಚಾಯಿತಿಯ ಸದಸ್ಯ ರಂಗೇಗೌಡರು ಇವರ ಮಾತು ಕೇಳಲೆಂದೇ ಊರವರನ್ನು ಅರಳಿಕಟ್ಟೆಯ ಬಳಿ ಸೇರಿಸಿದರು. ಒಳ್ಳೆಯ ಮನುಷ್ಯ. ಹೆಂಗಸರೆಲ್ಲ ಒಂದು ಕಡೆ ಗಂಭೀರವಾಗಿ ಕೂತಿದ್ದರು. ಆ ಭವನಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಾಕಿದವರು ಅವರೇ. ಮಳೆಗಾಲದಲ್ಲಿ ಶಾಮಿಯಾನ ಸೋರಿ, ಅಕ್ಷತೆ ನೆನೆದು, ಬಡಿಸಿದ ಎಲೆಯಲ್ಲಿ ನೀರು ನಿಂತ ಮದುವೆಗಳನ್ನು ಕಂಡವರು. ಅವರ ಕಡೆ ನ್ಯಾಯವಿರಲಿಲ್ಲವೆಂದು ಹೇಳುವ ಹಾಗಿರಲಿಲ್ಲ.

ರಂಗೇಗೌಡರು ಕೇಳಿದರು: "ಅಮ್ಮಾರೆ, ಇದನ್ನ ಉಳಿಸ್ಕಂಡ್ರೆ ಹಳೇಬೀಡಿಗೆ ಬಂದಂಗೆ ಇಲ್ಲಿಗೂ ಜನ ಬತ್ತಾರಾ? ಬಸ್ಸು, ಹೋಟ್ಲು ಏನಾರ ಆಗ್ತದಾ?"

ಆಗುತ್ತದೆ ಎನ್ನಿ ಎಂಬಂತೆ ನಾನು ಇವರ ತೋಳು ಒತ್ತಿದೆ. ಇವರು, "ಇಲ್ಲ, ಬರ್ಲಿಕ್ಕಿಲ್ಲ. ಯಾವಾಗಾದ್ರೂ ನನ್ನ ಹಾಗಿನವರು ಒಬ್ಬಿಬ್ಬರು ಬಂದಾರು ಅಷ್ಟೆ," ಎಂದರು.

"ಹೋಗ್ಲಿ, ಇಲ್ಲಿ ಸಮುದ್ರ ಇತ್ತು ಅನ್ನೋದು ಗ್ಯಾರಂಟಿನಾ?"

"ಇರಬಹುದು. ಇನ್ನೂ ಖಚಿತ ಹೇಳ್ಲಿಕ್ಕೆ ಬರುದಿಲ್ಲ."

ಜನ ಗೊಳ್ಳೆಂದು ನಕ್ಕರು. ಹಿಂದಿನಿಂದ ಒಬ್ಬ, "ಏನ್ಲಾ ಇದು, ಇರಬಹುದು ಅನ್ನೋದುಕ್ಕೆ ಭವನ ಬಿಡಕಾಯ್ತದಾ?" ಎಂದ. ಸಭೆ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಸಣ್ಣಮ್ಮಜ್ಜಿ ಎಂಬ ಮುದುಕಿ ಎದ್ದು ನಿಂತಳು. ಊರ ಮದುವೆಗಳಲ್ಲೆಲ್ಲ ಅಡುಗೆಯ ಮೇಲ್ವಿಚಾರಣೆ ಅವಳದೇ. ಭವನಕ್ಕಾಗಿ ಎಲ್ಲರಿಗಿಂತ ಜೋರಾಗಿ ಜಗಳವಾಡಿದವಳೂ ಅವಳೇ.

"ಅದಿರ್ಲಿ ಕಣವ್ವ. ಸಮುದ್ರ ಅಂದ್ರೆ ಹೆಂಗಿರ್ತದೆ? ನಾನು ಕಂಡಿಲ್ಲ. ಹೇಳು, ಕೇಳಣ."

ಆಮೇಲಿನ ಆ ಮಧ್ಯಾಹ್ನ ನನಗೆ ಈಗ ಯೋಚಿಸಿದರೂ ಎಚ್ಚರದಲ್ಲಿ ಕಂಡ ಕನಸಿನ ಹಾಗೆ ಇದೆ. ಅವರು ಎಲ್ಲರನ್ನೂ ಬಂಡೆಯ ಬಳಿಗೆ ಕರೆದುಕೊಂಡು ಹೋದರು. ತಾವು ಒಂದು ಮೂಟೆಯ ಮೇಲೆ ಕೂತರು, ಹೆಂಗಸರು ಸುತ್ತ ಕೂತರು. ತೆಂಗಿನ ಗರಿಗಳು ಗಾಳಿಗೆ ಸುಯ್‌ಗುಡುತ್ತಿದ್ದವು. ಸಮುದ್ರ ರಾತ್ರಿ ಹಗಲು ಸುಮ್ಮನಿರುವುದಿಲ್ಲ, ಎಂದರು. ಬೆಳಗ್ಗೆ ಒಂದು ಬಣ್ಣ, ಮಳೆ ಮೋಡ ಬಂದಾಗ ಒಂದು ಬಣ್ಣ. ಮಕ್ಕಳಾಗಿದ್ದಾಗ ನಮಗೆ ಅದರ ಸದ್ದು ಕೇಳಿಸುತ್ತಲೇ ಇರಲಿಲ್ಲ, ಬೇರೆ ಊರಿಗೆ ಹೋದಾಗ ಏನೋ ಇಲ್ಲ ಏನೋ ಇಲ್ಲ ಅನ್ನಿಸಿ ನಿದ್ದೆ ಹತ್ತುತ್ತಿರಲಿಲ್ಲ. ಆಮೇಲೆ ದನಿ ತಗ್ಗಿಸಿ, ತಮ್ಮ ಮನೆಯ ವಿಷಯ ಹೇಳಿದರು. ಅದನ್ನು ನನಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ವರ್ಷ ವರ್ಷವೂ ಕಡಲು ಒಂದಿಷ್ಟು ದಂಡೆ ತಿನ್ನುತ್ತ ಬಂತು. ಮೊದಲು ಗಾಳಿಮರಗಳು ಹೋದವು, ಆಮೇಲೆ ತೆಂಗು, ಆಮೇಲೆ ಬಾವಿ. ಒಂದು ಮಳೆಗಾಲ ಮನೆಯ ಅಡುಗೆಕೋಣೆಯ ಗೋಡೆ ಹೋಯಿತು. ಅವರ ತಾಯಿ ಒಲೆಯ ಮುಂದೆ ಕೂತೇ ಇದ್ದರಂತೆ, ಗೋಡೆಯಿದ್ದಲ್ಲಿ ಬರೀ ಅಲೆಗಳು.

"ಅಮ್ಮ ಹೆದರಲಿಲ್ಲ. ಅದರ ಜಾಗ ಅದು ಕೇಳ್ತಾ ಉಂಟು, ನಡೀರಿ ಅಂತ ಹೇಳಿ ಪಾತ್ರೆ ಎತ್ತಿಕೊಂಡು ಹೊರಟರು."

ಸಣ್ಣಮ್ಮಜ್ಜಿ ಬಂಡೆಯ ಮೇಲೆ ಅಂಗೈಯಾಡಿಸುತ್ತ ಕೇಳಿದಳು: "ಹಂಗಾರೆ ನಮ್ಮ ಸಮುದ್ರ ಎಲ್ಲಿಗೋಯ್ತವ್ವ?"

ನಮ್ಮ ಸಮುದ್ರ! ಅವರು ಅವಳನ್ನೇ ನೋಡಿದರು. ಭೂಮಿ ನಿಂತಲ್ಲಿ ನಿಲ್ಲುವುದಿಲ್ಲ ಅಜ್ಜಿ, ತಳ ಮೇಲೇಳುತ್ತದೆ, ನೀರು ಸರಿದುಹೋಗುತ್ತದೆ, ಎಂದು ಕೈಯಲ್ಲೇ ತೋರಿಸಿದರು. ನೀರಿನಡಿ ಬೆಂಕಿ ಉಕ್ಕಿದಾಗ ಒಂದೊಂದೇ ಉಂಡೆಯಾಗಿ ಹೀಗೆ ಕೂತುಕೊಳ್ಳುತ್ತದೆ ಎಂದರು.

"ಬೋಂಡ ಬಿಟ್ಟಂಗೆ."

"ಹಾಗೇ ಅಜ್ಜಿ! ಆದ್ರೆ ಇಲ್ಲಿ ಹಿಟ್ಟು ಕುದೀತಿತ್ತು, ಬಾಣಲೆ ತಣ್ಣಗಿತ್ತು."

ಹೆಂಗಸರು ನಕ್ಕರು. ಈ ಸಲದ ನಗು ಬೇರೆಯಾಗಿತ್ತು. ಹೊರಡುವಾಗ ಸಣ್ಣಮ್ಮಜ್ಜಿ ರಂಗೇಗೌಡರಿಗೆ ಆಜ್ಞೆ ಮಾಡಿದಳು. "ಭವನ ಬೇಕೇ ಬೇಕು. ಆದ್ರೆ ಒಂದು ಮೂಲೆ ಕುಯ್ದು ಕಟ್ಸಪ್ಪ. ಬಂಡೆ ಅತ್ಲಾಗಿರ್ಲಿ." ಗೌಡರು ಎಂಜಿನಿಯರನ್ನು ಒಪ್ಪಿಸಿದರು. ನಾವು ಬಸ್ಸಿನಲ್ಲಿ ಹಿಂದಿರುಗುವಾಗ ಅವರು ಕಿಟಕಿಗೆ ತಲೆಯಾನಿಸಿ, ದಾರಿಯುದ್ದಕ್ಕೂ ಮುಗುಳ್ನಗುತ್ತಿದ್ದರು.

ತೆವರಿನ ಕಲ್ಲು ಒಡೆಯುವ ಬ್ರೇಕರ್ ಗಾಡಿ ಹೇಳಿದ ದಿನಕ್ಕಿಂತ ಮೊದಲೇ ಬಂತು. ಗೌಡರು ಊರಲ್ಲಿರಲಿಲ್ಲ. ಗಾಡಿಯವನಿಗೆ ಎಲ್ಲಿಯವರೆಗೆ ಒಡೆಯಬೇಕೆಂದು ಯಾರೂ ತೋರಿಸಿರಲಿಲ್ಲ. ಸುದ್ದಿ ತಿಳಿದು ನಾವು ತಲುಪುವಷ್ಟರಲ್ಲಿ ಅರ್ಧ ಬಂಡೆ ಚೂರಾಗಿತ್ತು. ಸಣ್ಣಮ್ಮಜ್ಜಿ ಉಳಿದರ್ಧದ ಮುಂದೆ ಕೈ ಅಗಲಿಸಿ ನಿಂತು ಗಾಡಿಯವನನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದಳು. ಇವರು ಆ ರಾಶಿಯನ್ನು ನೋಡಿದರು. ಹಾಗೇ ತಲೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟರು. ತಲೆಸುತ್ತು. ಕಣ್ಣು ಮುಚ್ಚಿ, ಎರಡು ಕೈಯಿಂದ ಹುಲ್ಲು ಬಿಗಿಯಾಗಿ ಹಿಡಿದು, "ಸ್ವಲ್ಪ ಹೊತ್ತು. ಅಲೆ ಇಳೀಲಿ," ಎಂದಷ್ಟೇ ಹೇಳಿದರು. ಅಜ್ಜಿ ಬಂದು ಅವರ ಬೆನ್ನಿಗೆ ಬೆನ್ನು ಕೊಟ್ಟು ಕೂತಳು.

ಮರುದಿನ ಬೇಡವೆಂದರೂ ಕೇಳದೆ ಹೊರಟರು. ಶಾಲೆಗೆ ರಜೆ ಹಾಕಿ ನಾನೂ ಹೋದೆ. ಒಡೆದ ಮೈ ಬೆಳಗಿನ ಬಿಸಿಲಿಗೆ ಹಸಿಯಾಗಿ ಹೊಳೆಯುತ್ತಿತ್ತು. ಅವರು ಅದರ ಮೇಲೆ ನೀರು ಸುರಿದು, ಭೂತಗನ್ನಡಿ ಹಿಡಿದು ಬಗ್ಗಿದವರು ಬಹಳ ಹೊತ್ತು ಏಳಲೇ ಇಲ್ಲ. ಮತ್ತೆ ತಲೆಸುತ್ತೇನೋ ಎಂದು ನಾನು ಹತ್ತಿರ ಹೋದೆ. ಅವರ ಬೆರಳು ಒಂದು ಉಂಡೆಯ ಅಂಚಿನ ಮೇಲೆ ಸರಿಯುತ್ತಿತ್ತು. ಹೊರಗೆ ತೆಳುವಾದ ಕಡುಗಪ್ಪು ಸಿಪ್ಪೆ. ಅದರ ಒಳಗೆ ಸೂಜಿಮೊನೆಯಷ್ಟು ಗುಳ್ಳೆಗಳ ಸಾಲು. ಎರಡು ಉಂಡೆಗಳ ನಡುವಿನ ಸಂದಿನಲ್ಲಿ ಬೂದು ಬಣ್ಣದ, ಗಟ್ಟಿಯಾದ ಕೆಸರು.

"ಬಿಸಿ ಕಲ್ಲಿಗೆ ತಣ್ಣೀರು ತಾಗಿದ ಗುರುತು ಇದು," ಎಂದರು. "ಮಳೆಗೆ ಬಿಸಿಲಿಗೆ ಸವೆದ ಮೇಲ್ಮೈಯಲ್ಲಿ ಅಳಿಸಿಹೋಗಿತ್ತು. ಹೌದು. ಸಮುದ್ರ. ಹೌದು."

ಅವರ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೇ ಮೊದಲು. ನನ್ನನ್ನು ಅಪ್ಪಿಕೊಂಡು ಮಗುವಿನಂತೆ ಅತ್ತರು. ಆಮೇಲೆ ಮುಖ ಒರೆಸಿಕೊಂಡು, "ಒಡೆಯದೆ ಇದ್ದಿದ್ರೆ ಕಾಣ್ತಿರ್ಲಿಲ್ಲ. ಖುಷಿಪಡ್ಲಿಕ್ಕೂ ನಾಚಿಕೆಯಾಗ್ತದೆ," ಎಂದರು. ಉಳಿದರ್ಧವನ್ನು ಸುತ್ತ ಬೇಲಿ ಕಟ್ಟಿ ಉಳಿಸಿಕೊಂಡರು ಹೆಂಗಸರು.

ಆ ಬೇಸಗೆಗೆ ಅವರು ಊರಿಗೆ ಹೊರಟರು. ಅತ್ತೆ ದಾರಿಗೆಂದು ಚಕ್ಕುಲಿ ಕಟ್ಟಿಕೊಟ್ಟು, ಬಸ್ಸಿನ ತನಕ ಬಂದರು. ಅತ್ತೆ ಯಾರನ್ನೂ ಬಸ್ಸಿನ ತನಕ ಬಿಡಲು ಹೋದವರಲ್ಲ. ಮುಂದೆ ಫೋನಿನಲ್ಲಿ ಮಾತು. ಒಮ್ಮೆ ಕೇಳಿದ್ದೆ, ತಲೆಸುತ್ತು ಹೇಗಿದೆ ಎಂದು. "ಉಂಟು. ಆದ್ರೆ ಈಗ ಅಭ್ಯಾಸ ಆಗಿದೆ. ಅಲುಗುವುದು ನಾನೋ ಭೂಮಿಯೋ ಅಂತ ಜಗಳ ಮಾಡುದಿಲ್ಲ," ಎಂದು ನಕ್ಕಿದ್ದರು.

ಮೊನ್ನೆ ಆ ಹಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯ ಮದುವೆ. ಭವನದಲ್ಲೇ. ಹೊರಗೆ ಮಳೆ ಹುಯ್ಯುತ್ತಿತ್ತು. ಒಳಗೆ ಒಂದು ಹನಿಯೂ ಇಲ್ಲ. ಸಣ್ಣಮ್ಮಜ್ಜಿಗೆ ಈಗ ಬೆನ್ನು ಪೂರ್ತಿ ಬಗ್ಗಿದೆ. ಆದರೂ ಅಡುಗೆಯವರ ಮೇಲೆ ಕೂಗಾಡುವುದು ಬಿಟ್ಟಿಲ್ಲ. ನನ್ನನ್ನು ಕಂಡವಳೇ ಕೈ ಹಿಡಿದು, "ಆಯಮ್ಮ ಹೆಂಗವ್ರೆ? ಕರ್ಕೊಂಡು ಬರೋದಲ್ವಾ?" ಎಂದಳು.

ಮದುವೆಮನೆ. ಆರತಿ ತಟ್ಟೆ ಹಿಡಿದ ಹೆಣ್ಣುಮಕ್ಕಳು ಪಕ್ಕದಲ್ಲೇ ನಿಂತಿದ್ದರು. ನಾನು ತಲೆ ತಗ್ಗಿಸಿದೆ. ಅವಳು ನನ್ನ ಮುಖವನ್ನೇ ನೋಡಿ, ಹಿಡಿದ ಕೈಯನ್ನು ಒಮ್ಮೆ ಬಿಗಿಯಾಗಿ ಅದುಮಿದಳು.

"ಇಲ್ಲಿ ಬಾಯಿ ಬಿಡಬ್ಯಾಡ. ನಡಿ, ಊಟಕ್ಕೆ ಕೂರಣ."

ಮೂಲೆ ಕುಯ್ದ ಗೋಡೆಯ ಪಕ್ಕ, ಕಿಟಕಿಯ ಹತ್ತಿರ ನನ್ನನ್ನು ಕೂರಿಸಿದಳು. ನನ್ನ ಮತ್ತು ತನ್ನ ಎಲೆಯ ನಡುವೆ ಇನ್ನೊಂದು ಎಲೆ ಹಾಕಿ, ತಾನೇ ನೀರು ಚಿಮುಕಿಸಿ ಒರೆಸಿದಳು. ಕೋಸಂಬರಿ ಬಂತು, ಪಲ್ಯ ಬಂತು. ಪಾಯಸದ ಬಕೆಟ್ ಹಿಡಿದು ಬಂದ ಹುಡುಗ ನಡುವಿನ ಎಲೆಯ ಮುಂದೆ ತಡೆದು ನಿಂತ.

"ಅಜ್ಜೀ, ಇಲ್ಲಿ ಯಾರೂ ಇಲ್ವಲ್ಲ?"

"ಅವ್ರೆ ಕಣೋ," ಎಂದಳು ಸಣ್ಣಮ್ಮಜ್ಜಿ, ಮಳೆಗೆ ಮಿಂದು ಹೊಳೆಯುತ್ತಿದ್ದ ಬಂಡೆಯ ಕಡೆಗೆ ಕಣ್ಣು ಹಾಯಿಸಿ. "ಆಚೆ ಕಲ್ಲು ನೋಡ್ತಾವ್ರೆ. ನೀನು ಬಡಿಸು."

ಹುಡುಗ ಬಡಿಸಿದ.